ಸೊಂಟದಲ್ಲಿ ಒಗೆಯುವುದು

"ಕ್ಲಬ್ಬನ್ನ ತಲೆಕೆಳಗು ಹಿಡ್ಕೊಳ್ಳಿ ಮೇಡಂ" ಅಂದರು ನಮ್ಮ ಕೋಚು. ಚೆಂಡಿಗೆ ಬಡಿಯಬೇಕಾದ ಕಬ್ಬಿಣದ ತಲೆ ನನ್ನ ಕೈಗೆ ಬಂತು, ಕೈಯಲ್ಲಿರಬೇಕಾದ ರಬ್ಬರಿನ ಹಿಡಿ ಗಾಳಿಗೆ ಹೋಯಿತು. ಎದುರಿಗೆ ಚೆಂಡಿಲ್ಲ. "ಸುಮ್ನೆ ಬೀಸಿ. ಸೊಂಯ್ ಅನ್ನಬೇಕು."

ಬೀಸಿದೆ. ಸೊಂಯ್ ಅಂದಿತು.

"ಎಲ್ಲಿ ಕೇಳಿಸ್ತು?"

ಇದೆಂಥ ಪ್ರಶ್ನೆ, ಕಿವಿಯಲ್ಲಿ ಕೇಳಿಸಿತಪ್ಪ ಅನ್ನೋಣವೆನಿಸಿತು. ಇನ್ನೊಮ್ಮೆ ಬೀಸಿ ಗಮನವಿಟ್ಟು ಕೇಳಿದೆ. ಸದ್ದು ಹುಟ್ಟಿದ್ದು ಬಲಭುಜದ ಹತ್ತಿರ, ಕೋಲು ಇಳಿಯಲು ಶುರುಮಾಡುತ್ತಿದ್ದ ಹಾಗೇ. ಚೆಂಡು ಇರಬೇಕಾದ ಜಾಗ ದಾಟುವಾಗ ಅದು ತೆಪ್ಪಗಿತ್ತು.

"ಒಂದನೇ ತಾರೀಕೇ ಸಂಬಳ ಪೂರಾ ಖರ್ಚು ಮೇಡಂ. ಚೆಂಡಿನ ಹತ್ರ ಬರೋ ಹೊತ್ಗೆ ಜೇಬು ಖಾಲಿ."

31 ವರ್ಷ ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವಳು ನಾನು. ಶಕ್ತಿಯ ಜಮಾಖರ್ಚನ್ನು ಇಷ್ಟು ಚೊಕ್ಕವಾಗಿ ನಾನು ಒಂದು ದಿನವೂ ಹೇಳಿರಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವರು ಇವರು. ಹುಡುಗನಾಗಿದ್ದಾಗ ಕ್ಯಾಡಿಯಾಗಿ ಇನ್ನೊಬ್ಬರ ಕ್ಲಬ್ಬುಗಳ ಚೀಲ ಹೊತ್ತವರು, ಶಾಲೆ ಎಂಟನೇ ಕ್ಲಾಸಿಗೇ ಬಿಟ್ಟವರು. ಗುರು ಗುರುವೇ ಆದ್ದರಿಂದ ಬಹುವಚನ.

ಗಾಲ್ಫಿಗೂ ನನಗೂ ಸಂಬಂಧವೇ ಇರಲಿಲ್ಲ. ಮೈಸೂರಿನ ರೇಸ್‌ಕೋರ್ಸಿನ ನಡುವೆ ಗಾಲ್ಫ್ ಆಡುತ್ತಾರೆ ಅನ್ನುವುದು ಊರಿನ ಎಲ್ಲರಿಗೂ ಗೊತ್ತಿರುವ ಹಾಗೆ ನನಗೂ ಗೊತ್ತಿತ್ತು. ದೂರದಲ್ಲಿ ಹಸಿರು, ಬಿಳಿ ಟೋಪಿ, ಹಿಂದೆ ಚಾಮುಂಡಿ ಬೆಟ್ಟ. ನಮ್ಮಂಥವರಿಗಲ್ಲ ಅಂತ ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. 2021ರ ಆಗಸ್ಟ್ 7, ಶನಿವಾರ ಬೆಳಿಗ್ಗೆ ಟೀವಿಯಲ್ಲಿ ಬೆಂಗಳೂರಿನ ಹುಡುಗಿಯೊಬ್ಬಳು ಟೋಕಿಯೊ ಒಲಿಂಪಿಕ್ಸಿನ ಪದಕದ ಹತ್ತಿರ ಇದ್ದಾಳೆ ಅಂತ ಗೊತ್ತಾದಾಗ, ಗಾಲ್ಫಿನ ಒಂದಕ್ಷರ ಬಾರದ ಲಕ್ಷಾಂತರ ಜನರ ಹಾಗೆ ನಾನೂ ಕಾಫಿ ಲೋಟ ಹಿಡಿದು ಕೂತೆ. ಅದಿತಿ ಅಶೋಕ್ ನಾಲ್ಕನೆಯವರಾದರು. ಕಂಚು ಒಂದೇ ಒಂದು ಹೊಡೆತದಲ್ಲಿ ತಪ್ಪಿತು.

ಆ ಬೆಳಿಗ್ಗೆ ನನ್ನ ತಲೆ ಹೊಕ್ಕ ಹುಳ ಪದಕದ್ದಲ್ಲ, ದೂರದ್ದು. ಜೊತೆಗೆ ಆಡುತ್ತಿದ್ದವರ ಚೆಂಡು ಎಲ್ಲೋ ಹೋಗಿ ಬೀಳುತ್ತಿತ್ತು, ಈಕೆಯದು ಅದಕ್ಕಿಂತ ಬಹಳ ಹಿಂದೆ. ಆಮೇಲೆ ಹಸಿರಿನ ಮೇಲೆ ತೂಗಿ ತೂಗಿ ಹೊಡೆಯುವ ಚಿಕ್ಕ ಹೊಡೆತದಲ್ಲಿ ಎಲ್ಲ ಸಾಲ ತೀರಿಸುತ್ತಿದ್ದಳು. ಆ ದೂರ ಹೊಡೆಯುವವರೂ ಪೈಲ್ವಾನರೇನಲ್ಲ, ತೆಳ್ಳಗೆ ಬಳ್ಳಿಯ ಹಾಗೆ ಇದ್ದವರೇ. ಹಾಗಾದರೆ ದೂರ ಎಲ್ಲಿಂದ ಬರುತ್ತದೆ? ಅದೇ ದಿನ ಸಂಜೆ ನೀರಜ್ ಚೋಪ್ರಾ 87.58 ಮೀಟರ್ ಜಾವೆಲಿನ್ ಎಸೆದು ಚಿನ್ನ ಗೆದ್ದಾಗ ಅರ್ಧ ಉತ್ತರ ಸಿಕ್ಕಿತು. ಟೀವಿಯವರು ನಿಧಾನಗತಿಯಲ್ಲಿ ಮತ್ತೆ ಮತ್ತೆ ತೋರಿಸಿದರು. ಓಡಿಬಂದ ದೇಹ ಎಡಗಾಲನ್ನು ಗೂಟ ಹೊಡೆದಂತೆ ನೆಲಕ್ಕೆ ಊರಿ ಗಕ್ಕನೆ ನಿಲ್ಲುತ್ತದೆ. ಕಾಲು ನಿಂತಿತು, ಸೊಂಟ ತಿರುಗಿತು, ಎದೆ ಮುಂದೆ ಬಂತು, ತೋಳು ಬಂತು, ಕಟ್ಟಕಡೆಗೆ ಬಂದದ್ದು ಕೈ. ನೋಡಿ ನಾನು ಗಂಡನಿಗೆ ಪಾಠ ಶುರುಮಾಡಿದೆ. ಅವರು ಚಾನೆಲ್ ಬದಲಾಯಿಸಲು ರಿಮೋಟ್ ಹುಡುಕಿದರು.

ಮರುವರ್ಷ ನಿವೃತ್ತಿಯಾಯಿತು. ಊರ ಹೊರಗೆ ಒಂದು ಬಯಲಿನಲ್ಲಿ ಬುಟ್ಟಿಗಿಷ್ಟು ಅಂತ ದುಡ್ಡು ಕೊಟ್ಟು ಚೆಂಡು ಹೊಡೆಯಬಹುದು, ಸದಸ್ಯತ್ವ ಗಿದಸ್ಯತ್ವ ಏನೂ ಬೇಡ ಎಂದು ಹಳೆಯ ಸಹೋದ್ಯೋಗಿಯೊಬ್ಬರು ಹೇಳಿದರು. ವಾಕಿಂಗಿಗೆ ಹೋಗುವ ಬದಲು ಅಲ್ಲಿಗೆ ಹೋದೆ.

ಮೊದಲ ದಿನದ ಲೆಕ್ಕ ಡೈರಿಯಲ್ಲಿದೆ: 40 ಚೆಂಡು, 11 ಸಲ ಕ್ಲಬ್ಬು ಚೆಂಡನ್ನು ಮುಟ್ಟಲೇ ಇಲ್ಲ. ಮುಟ್ಟಿದವುಗಳಲ್ಲಿ ಹೆಚ್ಚಿನವು ತಲೆ ಸವರಿಸಿಕೊಂಡು ಇಲಿಮರಿಗಳ ಹಾಗೆ ಹುಲ್ಲಿನಲ್ಲಿ ಓಡಿದವು. ಅದಕ್ಕೆ 'ಟಾಪ್' ಅನ್ನುತ್ತಾರೆ. ಚೆಂಡಿಗಿಂತ ಮೊದಲೇ ನೆಲ ಅಗೆದರೆ 'ಫ್ಯಾಟ್'. ಎದ್ದು ಹಾರಿ ಬಲಕ್ಕೆ ಬಾಗಿ ಬೇಲಿ ಕಡೆ ಹೋದರೆ 'ಸ್ಲೈಸ್'. ಪಕ್ಕದ ಸಾಲಿನಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಚ್ಯೂಯಿಂಗ್ ಗಮ್ ಅಗಿಯುತ್ತ ನನ್ನ ಮೂರರಷ್ಟು ದೂರ ಕಳಿಸುತ್ತಿದ್ದಳು. ಅವಳ ತೋಳು ನನ್ನ ಮುಂಗೈಯಷ್ಟು ದಪ್ಪವಿಲ್ಲ.

ನಾನು ಮಾಡುತ್ತಿದ್ದುದು ಏನೆಂದರೆ, ಕ್ಲಬ್ಬನ್ನು ಕೊಡಲಿಯ ಹಾಗೆ ಬಿಗಿಯಾಗಿ ಹಿಡಿದು, ತೋಳಿನಲ್ಲಿರುವ ಅಷ್ಟೂ ಬಲವನ್ನು ಮೇಲಿನಿಂದಲೇ ಸುರಿಯುವುದು. "ಗಾಳ ಹಾಕ್ತಾ ಇದೀರಿ ಮೇಡಂ" ಅನ್ನುತ್ತಿದ್ದರು ಕೋಚು. ಗಾಲ್ಫಿನವರು ಇದನ್ನು 'ಕಾಸ್ಟಿಂಗ್' ಅನ್ನುತ್ತಾರೆ, ಅದೂ ಗಾಳ ಎಸೆಯುವ ಮಾತೇ. ಕ್ಲಬ್ಬು ಮೇಲಿದ್ದಾಗ ಎಡತೋಳಿಗೂ ಕ್ಲಬ್ಬಿಗೂ ನಡುವೆ ಒಂದು ಮೂಲೆಮಟ್ಟದ ಕೋನ ಇರುತ್ತದೆ. ಆ ಕೋನವನ್ನು ಕೆಳಗೆ ಬರುವವರೆಗೂ ಉಳಿಸಿಕೊಳ್ಳಬೇಕು. ನಾನು ಅದನ್ನು ಮೇಲೆಯೇ ಬಿಚ್ಚಿ ಚೆಲ್ಲುತ್ತಿದ್ದೆ. ಸೊಂಯ್ ಸದ್ದು ಭುಜದ ಹತ್ತಿರ ಬಂದದ್ದು ಅದಕ್ಕೇ.

"ಹಿಡಿತ ಸಡಿಲ ಮಾಡಿ. ಕೋಳಿಮರಿ ಹಿಡ್ಕೊಂಡಂಗೆ." ಅಮೆರಿಕದ ಸ್ಯಾಮ್ ಸ್ನೀಡ್ ಎಂಬ ಹಳೆಯ ಆಟಗಾರ ಹಕ್ಕಿಮರಿ ಅನ್ನುತ್ತಿದ್ದನೆಂದು ಆಮೇಲೆ ಗೊತ್ತಾಯಿತು. ನಮ್ಮ ಕೋಚಿನದು ಕೋಳಿ. ಸಡಿಲ ಮಾಡಿದರೆ ಕ್ಲಬ್ಬು ಕೈಬಿಟ್ಟು ಹಾರಿ ಪಕ್ಕದವರ ತಲೆ ಒಡೆಯುತ್ತದೆಂಬ ಭಯ ನನಗೆ. ಬಿಗಿ ಹಿಡಿದಾಗ ಮುಂಗೈಯ ಸ್ನಾಯು ಗಟ್ಟಿಯಾಗಿ ಮಣಿಕಟ್ಟಿನ ಕೀಲಿಗೆ ಬೀಗ ಬೀಳುತ್ತದೆ. ತುಕ್ಕು ಹಿಡಿದ ತಿರುಗಣೆಯ ಬಾಗಿಲು ಎಷ್ಟು ತಳ್ಳಿದರೂ ಬೀಸಿ ತೆರೆಯುವುದಿಲ್ಲವಲ್ಲ, ಹಾಗೆ. ಗೊತ್ತಿತ್ತು. ಗೊತ್ತಿದ್ದದ್ದು ತಲೆಗೆ ಮಾತ್ರ.

ಕಾಲೇಜಿನಲ್ಲಿ ಕೋನೀಯ ಸಂವೇಗದ ಪಾಠಕ್ಕೆ ನನ್ನದೊಂದು ಪ್ರಸಿದ್ಧ ಪ್ರಯೋಗವಿತ್ತು. ತಿರುಗುವ ಸ್ಟೂಲು. ಡಂಬೆಲ್ ಕೊಳ್ಳಲು ವಿಭಾಗದಲ್ಲಿ ದುಡ್ಡಿರಲಿಲ್ಲ, ಕಾಂಪೌಂಡಿನ ಎರಡು ಇಟ್ಟಿಗೆ ತರಿಸಿದ್ದೆ. ಒಬ್ಬ ಹುಡುಗನನ್ನು ಕೂರಿಸಿ, ಕೈ ಚಾಚಿಸಿ, ಎರಡು ಕೈಗೂ ಇಟ್ಟಿಗೆ ಕೊಟ್ಟು ತಿರುಗಿಸುವುದು. ಕೈ ಮಡಚಿ ಎದೆಗೆ ತಂದುಕೊಂಡರೆ ಗಿರ್ರೆಂದು ಜೋರಾಗುತ್ತಾನೆ, ಚಾಚಿದರೆ ನಿಧಾನವಾಗುತ್ತಾನೆ. ತರಗತಿ ಕೇಕೆ ಹಾಕುತ್ತಿತ್ತು. ಒಬ್ಬ ಹುಡುಗ ಒಮ್ಮೆ ಕೇಳಿದ: "ಮ್ಯಾಡಮ್, ಚಾಚಿದಾಗ ಇವನು ನಿಧಾನ ಆದ. ಆದರೆ ಇಟ್ಟಿಗೆ ಕೈಬಿಟ್ಟಿದ್ರೆ ಅದು ಎಲ್ಲಿಗೆ ಹೋಗ್ತಿತ್ತು?" ಮೊದಲ ಬೆಂಚಿನ ಮೇಲೆ ಬೀಳ್ತಿತ್ತು, ಕೂತ್ಕೊ ಅಂದೆ. ಎಲ್ಲರೂ ನಕ್ಕರು. ಗಾಲ್ಫಿನ ಗುಟ್ಟೆಲ್ಲ ಆ ಹುಡುಗನ ಪ್ರಶ್ನೆಯ ಸುತ್ತಮುತ್ತಲೇ ಇತ್ತು.

ಎರಡನೇ ತಿಂಗಳಿಗೆ ಬಲಮೊಣಕೈಯ ಒಳಬದಿ ನೋವು ಶುರುವಾಯಿತು. ನೆಲಕ್ಕೆ ಬಡಿದು ಬಡಿದು, ಹಿಡಿ ಬಿಗಿದು ಬಿಗಿದು. ಡಾಕ್ಟರು ಒತ್ತಿ ನೋಡಿ, "ಇದಕ್ಕೆ ಗಾಲ್ಫರ್ಸ್ ಎಲ್ಬೋ ಅಂತಲೇ ಹೆಸರು" ಅಂದರು. ಆಟ ಬರುವ ಮೊದಲೇ ಆಟಗಾರರ ಕಾಯಿಲೆ ಬಂದಿತ್ತು. ಮೂರು ವಾರ ಕ್ಲಬ್ಬು ಮುಟ್ಟಬಾರದೆಂದರು. ಊರಿಗೆ ಹೋದೆ.

ಊರೆಂದರೆ ಹೊಳೆನರಸೀಪುರದ ಹತ್ತಿರದ ಹಳ್ಳಿ. ಅಣ್ಣನ ಮನೆ, ಅವ್ವನೂ ಅಲ್ಲೇ. ಅವ್ವನಿಗೆ ಎಂಬತ್ತು ದಾಟಿದೆ. ಮನೆಯಲ್ಲಿ ವಾಷಿಂಗ್ ಮೆಷಿನ್ ಬಂದು ಹತ್ತು ವರ್ಷವಾದರೂ ಅವಳ ಸೀರೆ ಅದರೊಳಗೆ ಹೋಗುವ ಹಾಗಿಲ್ಲ. "ಅದು ಬಟ್ಟೆ ಒಗೆಯಲ್ಲ, ಕಲಸ್ತದೆ" ಅನ್ನುತ್ತಾಳೆ. ಹಿತ್ತಲಲ್ಲಿ ಅವಳದೇ ಒಂದು ಒಗೆಯುವ ಕಲ್ಲಿದೆ. ಭಾರದ ಬಟ್ಟೆಯನ್ನು ಅತ್ತಿಗೆ ಈಗ ಮುಟ್ಟಗೊಡುವುದಿಲ್ಲ, ಆದರೆ ಟವೆಲು, ಲಂಗ, ಕಣ್ಣುತಪ್ಪಿಸಿ ಸೀರೆ.

ನಾನು ಹುಡುಗಿಯಾಗಿದ್ದಾಗ ಹೊಳೆಗೇ ಹೋಗುತ್ತಿದ್ದೆವು. ಗೊರೂರಿನ ಅಣೆಕಟ್ಟು ಆಗಿನ್ನೂ ಮುಗಿದಿರಲಿಲ್ಲ, ಹೇಮಾವತಿ ತನ್ನ ಮನಸ್ಸಿಗೆ ಬಂದಂತೆ ಹರಿಯುತ್ತಿದ್ದ ಕಾಲ. ಸೋಮವಾರದ ಬೆಳಿಗ್ಗೆ ಮೊಣಕಾಲುದ್ದದ ನೀರಿನಲ್ಲಿ ಹತ್ತು ಹನ್ನೆರಡು ಹೆಂಗಸರು, ಒಂದೊಂದು ಕಲ್ಲಿಗೆ ಒಬ್ಬೊಬ್ಬರು. ಆಚೆ ದಡಕ್ಕೆ ಬಟ್ಟೆ ಬಡಿದದ್ದು ಮೊದಲು ಕಾಣುತ್ತಿತ್ತು, ಸದ್ದು ಆಮೇಲೆ ಕೇಳುತ್ತಿತ್ತು. ಬೆಳಕಿಗೂ ಸದ್ದಿಗೂ ವೇಗದಲ್ಲಿ ವ್ಯತ್ಯಾಸವಿದೆ ಅನ್ನುವುದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಆ ದಡದಿಂದ. ನನಗೆ ಹನ್ನೆರಡೋ ಹದಿಮೂರೋ ಆದಾಗ ಮೊದಲ ಸಲ ಜಮಖಾನ ಒಗೆಯಲು ಕೊಟ್ಟಳು ಅವ್ವ. ನೀರು ಕುಡಿದ ಜಮಖಾನ ಹೆಣಭಾರ. ತೋಳಿನಲ್ಲೇ ಎತ್ತಿ ತೋಳಿನಲ್ಲೇ ಬಡಿದೆ. ನಾಲ್ಕು ಏಟಿಗೆ ಉಸಿರು ಹೋಯಿತು. ಅವ್ವ ಏನೋ ಹೇಳಿದ್ದಳು. ಏನೆಂದು ಮರೆತೇಹೋಗಿತ್ತು.

ಈ ಸಲ ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಾಗ ಅವ್ವ ತನ್ನ ಹಳೇ ಕಾಟನ್ ಸೀರೆ ಹಿಡಿದು ಬಂದಳು. ಸೀರೆಯನ್ನು ನೀಳಕ್ಕೆ ಹಿಂಡಿ, ಹಗ್ಗದ ಹಾಗೆ ಮಾಡಿ, ಒಂದು ತುದಿ ಎರಡೂ ಕೈಯಲ್ಲಿ ಹಿಡಿದಳು. ಹಿಡಿದಳು ಅನ್ನುವುದಕ್ಕಿಂತ ಬೆರಳಿಗೆ ತಗಲಿಸಿಕೊಂಡಳು. ಎಡಗಾಲು ಮುಂದೆ. ಬಲಹೆಗಲ ಮೇಲಿಂದ ಸೀರೆ ಹಿಂದಕ್ಕೆ ಹೋಯಿತು. ಅದು ಬೆನ್ನ ಹಿಂದೆ ಇನ್ನೂ ಹೋಗುತ್ತಿರುವಾಗಲೇ ಅವ್ವನ ಸೊಂಟ ಕಲ್ಲಿನ ಕಡೆಗೆ ತಿರುಗಿಯಾಗಿತ್ತು! ನಾನು ಕಟ್ಟೆಯಿಂದ ಎದ್ದುಬಿಟ್ಟೆ.

"ಅವ್ವಾ, ಇನ್ನೊಂದ್ಸಲ."

"ಏನ್ ಇನ್ನೊಂದ್ಸಲ? ಇನ್ನಿಪ್ಪತ್ ಸಲ ಅದೆ."

ಅಣ್ಣನ ಮಗಳು ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದಳು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ಕೂತು ನಾನು ಅದನ್ನು ಎಷ್ಟು ಸಲ ನೋಡಿದೆನೋ. ಸೊಂಟ ತಿರುಗಿ ನಿಲ್ಲುತ್ತದೆ. ಅದು ನಿಂತಾಗ ಹೆಗಲು ಓಡುತ್ತದೆ. ಹೆಗಲು ತಡೆದಾಗ ತೋಳು ಇಳಿಯುತ್ತದೆ. ಕೈ ಸೊಂಟದ ಮಟ್ಟಕ್ಕೆ ಬಂದು, ಕಲ್ಲಿಗಿಂತ ಒಂದೂವರೆ ಗೇಣು ಮೇಲೆ, ಹೆಚ್ಚುಕಡಿಮೆ ನಿಂತೇಬಿಡುತ್ತದೆ. ಅಲ್ಲಿಯವರೆಗೂ ಹಿಂದೆ ಉಳಿದಿದ್ದ ಸೀರೆ ಆಗ ಕೈಯನ್ನು ದಾಟಿ ಮುಂದೆ ಹೋಗುತ್ತದೆ. ಅದರ ತುದಿ ಆ ಕ್ಷಣದಲ್ಲಿ ವಿಡಿಯೊದಲ್ಲೂ ಮಸುಕು. ಆಮೇಲೆ ಠಪ್.

ನನ್ನ ಗಾಲ್ಫ್ ವಿಡಿಯೊ ಪಕ್ಕದಲ್ಲಿಟ್ಟು ನೋಡಿದೆ. ನನ್ನ ಕೈ ಎಲ್ಲೂ ನಿಲ್ಲುವುದಿಲ್ಲ. ಮೊದಲಿಂದ ಕೊನೆಯವರೆಗೆ ಕ್ಲಬ್ಬಿನ ಜೊತೆಗೇ, ಸಾಲಗಾರನ ಹಿಂದೆ ಬಿದ್ದ ಬಡ್ಡಿಯವನ ಹಾಗೆ.

"ನಿಂಗೆ ಅವತ್ತೇ ಹೇಳಿರ್ಲಿಲ್ವಾ?" ಅಂದಳು ಅವ್ವ, ಸೀರೆ ಹಿಂಡುತ್ತ. "ಕೈಲಿ ಒಗದ್ರೆ ರಾತ್ರಿ ಕೈ ನೋಯ್ತದೆ. ಸೊಂಟದಲ್ಲಿ ಒಗೀಬೇಕು. ಬಟ್ಟೆ ತೂಕನೇ ಬಟ್ಟೆ ಒಗೀತದೆ, ನೀನ್ಯಾಕೆ ಬಡ್ಕೊತೀಯ?"

ಹೊಳೆಯಲ್ಲಿ ಹೇಳಿ ನಾನು ಮರೆತದ್ದು ಇದೇ.

ಇಂಥದ್ದನ್ನು ತಾಯಿಯ ಜ್ಞಾನ, ಮಣ್ಣಿನ ಜ್ಞಾನ ಅಂತೆಲ್ಲ ಉಬ್ಬಿಸಿ ಬರೆಯುವುದು ನನಗಾಗದು. ಅವ್ವನ ಎರಡು ಮಂಡಿಯೂ ಸವೆದಿವೆ, ಸೊಂಟ ಬಾಗಿದೆ, ಹೊಳೆಯ ನೀರಲ್ಲಿ ನಿಂತು ನಿಂತು ಪಾದದ ಬೆರಳು ಸೊಟ್ಟಗಾಗಿವೆ. ಮೆಷಿನ್ ಐವತ್ತು ವರ್ಷ ಮೊದಲೇ ಬಂದಿದ್ದರೆ ಒಳ್ಳೆಯದಿತ್ತು. ಆದರೆ ವಾರಕ್ಕೊಮ್ಮೆ ಏಳು ಜನರ ಬಟ್ಟೆ ಒಗೆಯಬೇಕಾದವಳಿಗೆ ಬಲ ಪೋಲುಮಾಡುವ ಐಷಾರಾಮ ಇರಲಿಲ್ಲ. ಕಡಿಮೆ ಖರ್ಚಿನ ದಾರಿಯನ್ನು ಮೈ ಹುಡುಕಿಕೊಂಡಿತ್ತು. ನನಗೆ ಪೋಲುಮಾಡಲು ಪಿಂಚಣಿ ಇತ್ತು.

ಮೈಸೂರಿಗೆ ಬಂದು, ನೋವು ಪೂರ್ತಿ ಇಳಿಯುವವರೆಗೆ ಓದಿದೆ. ಓದಿದಷ್ಟೂ ಮಜಾ ಸಿಕ್ಕಿತು, ಯಾಕೆಂದರೆ ಗಾಲ್ಫ್ ಲೋಕ ಈ ವಿಷಯದಲ್ಲಿ ನೂರು ವರ್ಷದಿಂದ ಜಗಳವಾಡುತ್ತಿದೆ. ಒಂದು ಪಂಗಡ ಕೈಯದು, ಇನ್ನೊಂದು ಮೈಯದು.

ಕೈ ಪಂಗಡದ ದೊಡ್ಡ ಗುರು ಅರ್ನೆಸ್ಟ್ ಜೋನ್ಸ್ ಎಂಬ ಇಂಗ್ಲೆಂಡಿನವ. ಮೊದಲ ಮಹಾಯುದ್ಧದಲ್ಲಿ ಬಲಗಾಲು ಮೊಣಕಾಲ ಕೆಳಗೆ ಹೋಯಿತು. ಕೆಲವೇ ತಿಂಗಳಲ್ಲಿ ಮೈದಾನಕ್ಕೆ ಬಂದು, ಒಂದೇ ಕಾಲಲ್ಲಿ, 18 ಕುಳಿಗಳನ್ನು 83 ಹೊಡೆತದಲ್ಲಿ ಮುಗಿಸಿದ. ಎರಡೂ ಕಾಲು ನೆಟ್ಟಗಿರುವ ಬಹುತೇಕ ಹವ್ಯಾಸಿಗಳಿಗೆ ಜೀವಮಾನದಲ್ಲಿ ಆಗದ ಲೆಕ್ಕ ಅದು. ಕಾಲಿಲ್ಲದೆಯೂ ಚೆಂಡು ಹೋಗುತ್ತದೆಂದರೆ ಮೈ ತಿರುಗಿಸುವ ಪಾಠವೆಲ್ಲ ಯಾಕೆ ಎಂದು ಅವನು ತೀರ್ಮಾನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನಲ್ಲಿ ಪಾಠ ಹೇಳಿದ. ಪಾಠದ ಸಲಕರಣೆ ಒಂದು ಕರವಸ್ತ್ರ, ಅದರ ತುದಿಗೆ ಕಟ್ಟಿದ ಜೇಬುಚಾಕು. ಅದನ್ನು ತೂಗಿಸಿ ತೋರಿಸುವನು. ಕೈ ಸಮವಾಗಿ ತೂಗಿದರೆ ಚಾಕು ಬಟ್ಟೆಯನ್ನು ಬಿಗಿಯಾಗಿ ಎಳೆದುಕೊಂಡು ಸುತ್ತುತ್ತದೆ. ಅವಸರಪಟ್ಟು ದೂಡಿದರೆ ಬಟ್ಟೆ ಮುದ್ದೆಯಾಗಿ ಚಾಕು ತಬ್ಬಿಬ್ಬಾಗುತ್ತದೆ. ಬಟ್ಟೆಯಿಂದ ತೂಗಬಹುದು, ಬಟ್ಟೆಯಿಂದ ದೂಡಲಾಗದು. ಓದಿ ನಾನು ನಕ್ಕೆ. ಕರವಸ್ತ್ರಕ್ಕಿಂತ ಅವ್ವನ ಸೀರೆ ಉದ್ದ, ಅಷ್ಟೇ.

ಮೈ ಪಂಗಡದವರು ಬೆನ್ ಹೋಗನ್ ಹೆಸರು ಹೇಳುತ್ತಾರೆ. ಟೆಕ್ಸಾಸಿನ ಬಡ ಹುಡುಗ, ಅವನೂ ಕ್ಯಾಡಿಯಾಗಿದ್ದವನೇ. 1949ರಲ್ಲಿ ಅವನ ಕಾರಿಗೆ ಬಸ್ಸು ಗುದ್ದಿ ನಡೆಯುವುದೇ ಕಷ್ಟವೆಂದಾಗಿತ್ತು. ಮರುವರ್ಷ ಯು.ಎಸ್. ಓಪನ್ ಗೆದ್ದ. 1957ರಲ್ಲಿ ಬಂದ ಅವನ 'ಫೈವ್ ಲೆಸನ್ಸ್' ಪುಸ್ತಕ ಇಂದಿಗೂ ಗಾಲ್ಫಿನವರ ಮನೆಯಲ್ಲಿ ಪಂಚಾಂಗದಂತೆ ಇರುತ್ತದೆ. ಕೆಳಗಿಳಿಯುವಾಗ ಮೊದಲು ತಿರುಗಬೇಕಾದ್ದು ಸೊಂಟ, ಕೈ ತಾನೇ ಮೊದಲು ಹೊರಟರೆ ಎಲ್ಲ ಕೆಟ್ಟಿತು ಎನ್ನುತ್ತಾನೆ. ಅವನ ಪುಸ್ತಕದ ಚಿತ್ರಗಳನ್ನು ನೋಡುವಾಗ ಅವ್ವ ಎಡಗಾಲು ಮುಂದಿಟ್ಟು ನಿಂತದ್ದೇ ಕಣ್ಣಿಗೆ ಬರುತ್ತಿತ್ತು.

ನನ್ನ ಮಟ್ಟಿಗೆ ಈ ಜಗಳವನ್ನು ಮುಗಿಸಿದ್ದು 1968ರಲ್ಲಿ ಕಾಕ್ರನ್ ಮತ್ತು ಸ್ಟಾಬ್ಸ್ ಎಂಬಿಬ್ಬರು ಬ್ರಿಟನ್ನಿನಲ್ಲಿ ಪ್ರಕಟಿಸಿದ ಒಂದು ಪುಸ್ತಕ. ಅವರು ಆಟಗಾರನ ಕಣ್ಣು ಮೂಗು ಎಲ್ಲ ಅಳಿಸಿ ಎರಡು ಕೋಲು, ಎರಡು ತಿರುಗಣೆ ಮಾತ್ರ ಉಳಿಸಿದರು. ಮೇಲಿನ ಕೋಲು ತೋಳು, ಅದರ ತಿರುಗಣೆ ಎದೆಯ ನಡುವೆ. ಕೆಳಗಿನ ಕೋಲು ಕ್ಲಬ್ಬು, ಅದರ ತಿರುಗಣೆ ಮಣಿಕಟ್ಟು. ಲೋಲಕಕ್ಕೆ ಲೋಲಕ ನೇತುಹಾಕಿದ ಹಾಗೆ. ಮೇಲಿನದು ತಿರುಗುತ್ತ ಬಂದರೆ ಕೆಳಗಿನದು ಹೊರಕ್ಕೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಳ್ಳುವಾಗ ಮೇಲಿನದನ್ನು ಹಿಂದಕ್ಕೆ ಎಳೆದು ನಿಧಾನ ಮಾಡಿ ಅದರ ಚಲನೆಯನ್ನೆಲ್ಲ ತಾನು ಕಿತ್ತುಕೊಳ್ಳುತ್ತದೆ. ಒಳ್ಳೆಯ ವೃತ್ತಿಪರರ ಕ್ಲಬ್ಬಿನ ತಲೆ ಚೆಂಡನ್ನು ಮುಟ್ಟುವಾಗ ಗಂಟೆಗೆ 180 ಕಿ.ಮೀ. ವೇಗದಲ್ಲಿರುತ್ತದೆ. ಅದೇ ಕ್ಷಣದಲ್ಲಿ ಕೈಯ ವೇಗ ಅದರ ಕಾಲುಭಾಗವೂ ಇರುವುದಿಲ್ಲ. ತಾರಸಿಗೆ ಮೌಲ್ಡ್ ಹಾಕುವ ದಿನ ಕಾಂಕ್ರೀಟಿನ ಬಾಂಡಲಿ ಕೈಯಿಂದ ಕೈಗೆ ದಾಟುವುದನ್ನು ನೋಡಿದ್ದೀರಲ್ಲ? ದಾಟಿಸಿದವನು ಅಲ್ಲೇ ನಿಲ್ಲಬೇಕು. ಬಾಂಡಲಿಯ ಜೊತೆಗೆ ತಾನೂ ಏಣಿ ಹತ್ತಲು ಹೊರಟರೆ ಸಾಲು ಕೆಟ್ಟಿತು. ಪಾದ ನೆಲವನ್ನು ಒತ್ತಿ ಸೊಂಟಕ್ಕೆ ಕೊಡುತ್ತದೆ, ಸೊಂಟ ಎದೆಗೆ, ಎದೆ ತೋಳಿಗೆ, ತೋಳು ಮಣಿಕಟ್ಟಿನ ಮೂಲಕ ಕ್ಲಬ್ಬಿಗೆ. ಕಾಲೇಜಿನ ಹುಡುಗನ ಇಟ್ಟಿಗೆ ಎಲ್ಲಿಗೆ ಹೋಗುತ್ತಿತ್ತೆಂದು ಆವತ್ತು ಬೋರ್ಡಿನ ಮೇಲೆ ಬರೆದಿದ್ದರೆ ಇಷ್ಟು ದೂರ ಬರಬೇಕಿರಲಿಲ್ಲ.

ಇನ್ನೊಂದು ಲೆಕ್ಕವನ್ನೂ ಹಾಕಿದೆ, ಇದು ನನ್ನ ಲ್ಯಾಬಿನದೇ. ಮೊದಲ ವರ್ಷದವರಿಗೆ ಸ್ಕೇಲು ಬೀಳಿಸಿ ಹಿಡಿಯುವ ಪ್ರಯೋಗ ಕೊಡುತ್ತಿದ್ದೆ. ಸುಮಾರು 20 ಸೆಂ.ಮೀ. ಬಿದ್ದ ಮೇಲೆ ಕೈಗೆ ಸಿಗುತ್ತದೆ, ಅಂದರೆ ಕಣ್ಣು ಕಂಡು ಕೈ ಮಾಡಲು ಬೇಕಾದ್ದು 0.2 ಸೆಕೆಂಡು. ಗಾಲ್ಫಿನಲ್ಲಿ ಕ್ಲಬ್ಬು ಮೇಲಿನಿಂದ ಚೆಂಡಿಗೆ ಬರುವ ಹೊತ್ತು ಸುಮಾರು ಕಾಲು ಸೆಕೆಂಡು. ಚೆಂಡು ಕ್ಲಬ್ಬಿಗೆ ಅಂಟಿಕೊಂಡಿರುವುದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ. ಅಂದಮೇಲೆ 'ಈಗ ಮಣಿಕಟ್ಟು ಬಿಡು' ಎಂದು ನಾನು ಕೈಗೆ ಆಜ್ಞೆ ಕೊಟ್ಟು ಅದು ತಲುಪುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಕೈಯನ್ನು ನಿಯಂತ್ರಿಸುವುದೇನಿದ್ದರೂ ಹೊರಡುವ ಮುಂಚೆ: ಎಷ್ಟು ಬಿಗಿ, ಬೆರಳೆಲ್ಲಿ, ಹೆಬ್ಬೆರಳೆಲ್ಲಿ. ಆಮೇಲೆ ಕೈಗೆ ಮಾಡಲು ಕೆಲಸವಿಲ್ಲ.

ಇದನ್ನು ಬಹಳ ಹೆಮ್ಮೆಯಿಂದ ಕೋಚಿಗೆ ಹೇಳಿದೆ. ಅವ್ವನ ವಿಡಿಯೊ ತೋರಿಸಿದೆ. ಎರಡು ಸಲ ನೋಡಿದರು. "ಅಮ್ಮೋರು ಸೂಪರ್" ಅಂದರು. ಮೂರನೇ ಸಲ ನೋಡಿ, "ಆದ್ರೆ ಮೇಡಂ, ಸೀರೆಗೆ ಮುಖ ಇಲ್ಲ" ಅಂದರು.

ನಾನು ಬಿಟ್ಟದ್ದು ಅದನ್ನೇ. ಸೀರೆ ಯಾವ ಮಗ್ಗುಲಲ್ಲಿ ಕಲ್ಲಿಗೆ ಬಿದ್ದರೂ ಕೊಳೆ ಹೋಗುತ್ತದೆ. ಕ್ಲಬ್ಬಿನ ತಲೆಗೆ ಮುಖವಿದೆ. ಚೆಂಡು ಎತ್ತ ಹೊರಡುತ್ತದೆಂಬುದನ್ನು ಬಹುಪಾಲು ತೀರ್ಮಾನಿಸುವುದು ಆ ಎರಡು ಸಾವಿರದಲ್ಲೊಂದು ಸೆಕೆಂಡಿನಲ್ಲಿ ಮುಖ ಎತ್ತ ನೋಡುತ್ತಿತ್ತು ಅನ್ನುವುದೇ. ಒಂದಿಷ್ಟು ತೆರೆದಿದ್ದರೆ ಬಲಕ್ಕೆ ಬೇಲಿ, ಮುಚ್ಚಿದ್ದರೆ ಎಡಕ್ಕೆ ಹೊಂಡ. ಮುಖವನ್ನು ಹಿಡಿದಿರುವುದು ಮೈಯಲ್ಲ, ಎಡಗೈಯ ಮಣಿಕಟ್ಟು. ಸೊಂಟ ಎಷ್ಟೇ ಬಲ ತಂದು ಸುರಿದರೂ ಆ ಬಲಕ್ಕೆ ದಿಕ್ಕು ಕೊಡುವುದು ಕೈ. ಬಲ ಹುಟ್ಟಿಸುವುದಕ್ಕೆ ಕೈ ಹೋಗಬಾರದು, ಆದರೆ ಸತ್ತಂತೆಯೂ ಇರಬಾರದು. ಇದು ಕೋಳಿಮರಿಗಿಂತ ಕಷ್ಟದ ಮಾತು. ಜೋನ್ಸನ ಕರವಸ್ತ್ರವೂ ಹೋಗನ್ನನ ಸೊಂಟವೂ ಇಲ್ಲಿ ಅರ್ಧರ್ಧ ಮಾತ್ರ ನೆರವಿಗೆ ಬಂದವು.

ನನ್ನ ಕೈಯನ್ನು ಕೋಚು ತಾವೇ ಮುಟ್ಟಿ ಸರಿಮಾಡಲು ಸಂಕೋಚಪಡುತ್ತಿದ್ದರು. ತಮ್ಮ ಎಡಗೈ ಮೇಲೆ ಸ್ಟೀಲ್ ಸ್ಕೇಲೊಂದನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ ತೋರಿಸಿದರು, ಮುಂಗೈಯಿಂದ ಹಿಂಗೈವರೆಗೆ. ಮಣಿಕಟ್ಟು ಒಳಗೆ ಕುಸಿದರೆ ಸ್ಕೇಲು ಚುಚ್ಚುತ್ತದೆ. ಮನೆಗೆ ಬಂದು ನಾನೂ ಹಾಗೇ ಕಟ್ಟಿಕೊಂಡು ಪೊರಕೆ ಹಿಡಿದು ನಡುಮನೆಯಲ್ಲಿ ನಿಧಾನವಾಗಿ ತೂಗಿದೆ. ಹಾಲಿನವನು ಕಿಟಕಿಯಿಂದ ನೋಡಿ, ಏನೂ ಕೇಳದೆ, ಪ್ಯಾಕೆಟ್ ಇಟ್ಟು ಹೋದ.

ಕಲಿಯಲು ಒಂದು ವರ್ಷ ಹಿಡಿಯಿತು. ಆ ವರ್ಷದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ, ಬುಟ್ಟಿಯ ಮೇಲೆ ಬುಟ್ಟಿ. ಕೆಲವು ದಿನ ಸೊಂಟ ಮುಂದೆ ಹೋಗಿ ಕೈ ಹಿಂದೆ ಉಳಿಯುತ್ತಿತ್ತು, ಕೆಲವು ದಿನ ಹಳೇ ಕೊಡಲಿ ಮರಳುತ್ತಿತ್ತು. ಬೇಜಾರಾದಾಗ ಕೋಚು ಕ್ಯಾಡಿ ಹುಡುಗರ ಕಥೆ ಹೇಳುವರು. ಅವರಿಗೆ ಯಾರೂ ಪಾಠ ಹೇಳಲಿಲ್ಲ, ಚೀಲ ಹೊತ್ತು ಹಿಂದೆ ನಿಂತು ದಿನಕ್ಕೆ ನೂರು ಸ್ವಿಂಗ್ ನೋಡಿ, ಮುರಿದ ಕ್ಲಬ್ಬಿನಲ್ಲಿ ಅದರ ಅಣಕ ಮಾಡುತ್ತ ಕಲಿತರು. ಬಿಡದಿ ಕಡೆಯ ಹಳ್ಳಿಯಿಂದ ಬಂದು ವೃತ್ತಿಪರ ಗಾಲ್ಫಿನಲ್ಲಿ ಹೆಸರು ಮಾಡಿದ ಚಿಕ್ಕರಂಗಪ್ಪನವರ ಮಾತು ಬಂದರೆ ಇವರ ಎದೆ ಎರಡಂಗುಲ ಉಬ್ಬುತ್ತಿತ್ತು. "ಕಣ್ಣಲ್ಲಿ ಕಲಿತ್ರೆ ಮೈಗೆ ಬೇಗ ಬರತ್ತೆ ಮೇಡಂ. ನೀವು ತಲೇಲಿ ಕಲೀತೀರಿ. ತಲೆಯಿಂದ ಇಳಿಯೋಕೆ ಟೈಮಾಗತ್ತೆ."

ಒಂದು ಬೆಳಿಗ್ಗೆ, ಮಂಜು ಇನ್ನೂ ಹುಲ್ಲಿನ ಮೇಲಿದ್ದಾಗ, ಕ್ಲಬ್ಬನ್ನು ಮತ್ತೆ ತಲೆಕೆಳಗು ಹಿಡಿದು ಬೀಸಿದೆ. ಸೊಂಯ್ ಅನ್ನುವ ಸದ್ದು ಎಡಗಾಲಿನ ಮುಂದೆ ಬಂತು, ಚೆಂಡಿನ ಜಾಗಕ್ಕಿಂತ ಒಂದು ಗೇಣು ಆಚೆ. ಬಲಭುಜ ಮೌನ. ಇನ್ನೊಮ್ಮೆ ಬೀಸಿದೆ. ಅಲ್ಲೇ. ಕ್ಲಬ್ಬನ್ನು ನೆಟ್ಟಗೆ ಹಿಡಿದು ಚೆಂಡಿಟ್ಟೆ. ಹೊಡೆದದ್ದು ಕೈಗೆ ಗೊತ್ತೇ ಆಗಲಿಲ್ಲ. ಕೈಯಲ್ಲಿ ಏನೂ ಆಗದೆ, ಪಾದದ ಕೆಳಗಿನ ನೆಲದಲ್ಲಿ ಏನೋ ಆದ ಹಾಗೆ. ಚೆಂಡು ಎದ್ದು, ನೇರಕ್ಕೆ ಹೋಗಿ, ನೂರು ಗಜದ ಹಲಗೆಯ ಬುಡದಲ್ಲಿ ಬಿತ್ತು. ಪಕ್ಕದ ಸಾಲಿನ ಹುಡುಗಿಗೆ ಅದು ಲೆಕ್ಕಕ್ಕಿಲ್ಲದ ದೂರ.

ಕೋಚು ಚೆಂಡಿನ ಕಡೆ ನೋಡಿರಲೇ ಇಲ್ಲ. "ಸೌಂಡ್ ಚೆನ್ನಾಗಿತ್ತು" ಅಂದರು, ಮುಂದಿನ ಸಾಲಿಗೆ ಹೋದರು.

ಅಷ್ಟರಲ್ಲಿ ಅವ್ವನ ಫೋನು. ಬೆಳಿಗ್ಗೆ ಎಂಟಕ್ಕೆ ಅವಳದು ದಿನವೂ ಬರುತ್ತದೆ. ತಡೆಯಲಾರದೆ ಹೇಳಿದೆ, ನೂರು ಗಜ ಹೋಯ್ತವ್ವ, ಸೊಂಟದಲ್ಲೇ ಹೊಡೆದೆ.

"ನೂರ್ ಗಜವಾ?" ಅಂದಳು. ಸ್ವಲ್ಪ ಹೊತ್ತು ಯೋಚನೆ ಮಾಡಿದ ಹಾಗಿತ್ತು. "ತರೋರ್ಯಾರು?"

ಬಯಲಿನ ಆ ತುದಿಯಲ್ಲಿ ಚೆಂಡು ಆಯುವವನು ಆಗತಾನೇ ಇಳಿದಿದ್ದ. ತಲೆಗೆ ಹೆಲ್ಮೆಟ್, ಕೈಯಲ್ಲಿ ಕೊಳವೆ, ಬೆನ್ನಿಗೆ ಚೀಲ. ನೂರರ ಹಲಗೆಯ ಹತ್ತಿರ ಒಂದು ಸಲ ಬಗ್ಗಿದ. ನಾನು ಕ್ಲಬ್ಬನ್ನು ನೆಲಕ್ಕೆ ಊರಿ, ಅವನು ದಾಟಲಿ ಅಂತ ನಿಂತೆ. ಫೋನಿನಲ್ಲಿ ಅವ್ವ ಅಣ್ಣನ ಮನೆಯ ಹಸು ಕರು ಹಾಕಿದ ವಿಷಯ ಶುರುಮಾಡಿದ್ದಳು.